ಮೇಸ್ತ್ರಿಯ ಸದ್ದಿಲ್ಲದ ಡ್ರಮ್ಮು

ಈ ಭೂಮಂಡಲದಲ್ಲಿ ನಮ್ಮ ಮೇಲಿನ ಮನೆಯ ಮೇಸ್ತ್ರಿ ತಟ್ಟಿ ನೋಡದ ವಸ್ತು ಯಾವುದಾದರೂ ಉಳಿದಿದ್ದರೆ, ಅದು ಅವರ ಕೈಗೆ ಎಟುಕಿಲ್ಲ ಎಂದಷ್ಟೇ ಅರ್ಥ. ಸೂರ್ಯ, ಚಂದ್ರ, ನಕ್ಷತ್ರಗಳು ಈ ಒಂದೇ ಕಾರಣಕ್ಕೆ ಬಚಾವಾಗಿವೆ. ಮಿಕ್ಕಂತೆ ಬಸ್ಸಿನ ಕಿಟಕಿ, ಅಂಚೆ ಕಚೇರಿಯ ಕೌಂಟರು, ಗ್ಯಾಸ್ ಸಿಲಿಂಡರು, ಕಲ್ಲಂಗಡಿ, ಪಕ್ಕದಲ್ಲಿ ಕೂತವನ ಮೊಣಕಾಲು ಎಲ್ಲವೂ ಒಂದಲ್ಲ ಒಂದು ದಿನ ಅವರ ಬಲಗೈ ನಡುಬೆರಳಿನ ಕೆಳಗೆ ಹಾದುಹೋಗಿ, ಗಟ್ಟಿಯೋ ಪೊಳ್ಳೋ ಎಂಬ ತೀರ್ಪು ಪಡೆದುಕೊಂಡಿವೆ. ಒಮ್ಮೆ ಕೆಮ್ಮಿಗೆಂದು ಹೋದಾಗ ವೈದ್ಯರು ಇವರ ಬೆನ್ನು ತಟ್ಟಿ ನೋಡುತ್ತಿದ್ದರಂತೆ. "ಅಲ್ಲಲ್ಲ ಡಾಕ್ಟ್ರೇ, ಇನ್ನೆರಡು ಬೆರಳು ಕೆಳಗೆ ಬನ್ನಿ, ಕಫ ಇರೋದು ಅಲ್ಲಿ" ಎಂದು ಇವರೇ ದಾರಿ ತೋರಿಸಿದರಂತೆ. ಎಕ್ಸ್‌ರೇ ತೆಗೆದರೆ ಕಫ ಅಲ್ಲೇ ಕೂತಿತ್ತಂತೆ.

ಇದಕ್ಕಿಂತ ದೊಡ್ಡ ಸಾಹಸ ಬಸ್ ನಿಲ್ದಾಣದ್ದು. ಸಾವಿರದ ಇನ್ನೂರು ಟೈಲ್ಸ್ ಹಾಕಿದ ಹೊಸ ಹಾಲ್. ಹಾಕಿದವರು ಬೇರೆ ಯಾರೋ. ಸುಮ್ಮನೆ ಹಾದುಹೋಗುತ್ತಿದ್ದ ಮೇಸ್ತ್ರಿ ತಮ್ಮ ಚಪ್ಪಲಿಯ ಸದ್ದಿಗೇ ಗಕ್ಕನೆ ನಿಂತು, "ಇಲ್ಲಿಂದ ಮೂರನೇದು, ಎಡಗಡೆ. ಪೊಳ್ಳು" ಎಂದರು. ಎಂಜಿನಿಯರು ನಕ್ಕ. ಮೇಸ್ತ್ರಿ ನಗಲಿಲ್ಲ. ಟೈಲ್ಸ್ ಎತ್ತಿಸಿ ನೋಡಿದರೆ ಕೆಳಗೆ ಅಂಗೈ ಅಗಲದ ಗೂಡು, ಅದರೊಳಗೊಂದು ಸಿಗರೇಟಿನ ತುಂಡು. ಈ ಕಥೆ ನಮ್ಮ ಬೀದಿಗೆ ಬರುವಷ್ಟರಲ್ಲಿ ಗೂಡು ಬಕೆಟ್ಟಿನಷ್ಟಾಗಿತ್ತು. ನಾನು ಹೇಳುವಾಗ ಅದರಲ್ಲಿ ಒಂದು ಬೆಕ್ಕು ಮರಿ ಹಾಕಿರುತ್ತದೆ.

ಟೈಲ್ಸ್ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಟೈಲ್ಸ್ ಕೂರಿಸಿದ ಮೇಲೆ ಮೇಸ್ತ್ರಿಯಾದವನು ಅದನ್ನು ತಟ್ಟಿ ಕೇಳಬೇಕು. ಕೆಳಗೆ ಸಿಮೆಂಟು ತುಂಬಿದ್ದರೆ ಒಂದು ಸದ್ದು, ಗಾಳಿ ಉಳಿದಿದ್ದರೆ ಇನ್ನೊಂದು. ಗಾಳಿ ಉಳಿದ ಟೈಲ್ಸ್ ಇವತ್ತಲ್ಲ ನಾಳೆ ಯಾರದೋ ಕಾಲ ಕೆಳಗೆ ಒಡೆಯುತ್ತದೆ. ಬೇರೆಯವರು ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಾರೆ. ನಮ್ಮ ಮೇಸ್ತ್ರಿ ಬೆರಳಲ್ಲಿ ತಟ್ಟುತ್ತಾರೆ. ಬರೀ ತಟ್ಟಿದರೆ ಅದು ಕೆಲಸ. ಇವರು ತಾಳ ಹಾಕುತ್ತಾರೆ.

ಅದಕ್ಕೆ ಕಾರಣ ಅವರ ಪೂರ್ವಾಶ್ರಮ. ಇಪ್ಪತ್ತನೇ ವಯಸ್ಸಿನಿಂದ ನಲವತ್ತೈದರವರೆಗೆ ಅವರು ಹಗಲು ಟೈಲ್ಸ್, ಸಂಜೆ ಡ್ರಮ್ಸ್. ಒಂದು ಆರ್ಕೆಸ್ಟ್ರಾ ಇತ್ತು. ಹಾಡುತ್ತಿದ್ದವರು ಅವರ ಅಕ್ಕ. ಅಕ್ಕ ತಮ್ಮ ಇಬ್ಬರೂ ವೇದಿಕೆ ಹತ್ತಿದರೆಂದರೆ ಉಳಿದ ಆರು ಜನ ವಾದ್ಯ ಹಿಡಿದು ನಿಂತ ಪ್ರೇಕ್ಷಕರು ಎಂದು ಅಂದಿನ ಕೀಬೋರ್ಡಿನವನೇ ಹೇಳುತ್ತಿದ್ದನಂತೆ. ಆಮೇಲೆ ಒಬ್ಬನೇ ಮನುಷ್ಯ, ಒಂದು ಲ್ಯಾಪ್‌ಟಾಪು, ಎರಡು ಸ್ಪೀಕರು ಬಂದು ಎಂಟು ಜನರ ಕೆಲಸ ಮಾಡಿಕೊಟ್ಟವು. ಆರ್ಕೆಸ್ಟ್ರಾ ಮುಚ್ಚಿತು. ಅಕ್ಕ ಮದುವೆಯಾದವರಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯತೊಡಗಿದರು. ಡ್ರಮ್ ಸೆಟ್ಟು ಮುಂದಿನ ಕೋಣೆ ಹಿಡಿಯಿತು. ಭಾನುವಾರ ಬೆಳಗ್ಗೆ ಮೇಸ್ತ್ರಿ ಬಾರಿಸುವುದು, ಅಕ್ಕ ಹಾಡುವುದು, ಮೇಸ್ತ್ರಿಯ ಹೆಂಡತಿ "ಈ ಮನೇಲಿ ನಾನೊಬ್ಬಳೇ ಕಿವಿ ಇರೋಳು" ಎಂದು ಗೊಣಗುವುದು, ಹೀಗೆ ಆ ಮನೆ ನಡೆಯುತ್ತಿತ್ತು.

ಆಗ ಕೆಳಗಿನ ಮನೆಗೆ ಒಬ್ಬ ಖಳನಾಯಕನ ಪ್ರವೇಶವಾಯಿತು. ಅದು ನಾನು.

ಏಳು ವರ್ಷದ ಹಿಂದಿನ ಮಾತು. ಸಾಮಾನು ಇಳಿಸಿ ಮಲಗಿದ್ದ ಮೊದಲ ಭಾನುವಾರ ಬೆಳಗ್ಗೆ ನನ್ನ ತಲೆಯ ಮೇಲೆ ಸೈನ್ಯವೊಂದು ಹಾದುಹೋಯಿತು. ನಾನು ಪೊರಕೆಯ ಹಿಡಿಯಿಂದ ಸೂರು ಕುಟ್ಟಿದೆ. ಮೇಲಿನವರು ಅದನ್ನು ಮೆಚ್ಚುಗೆ ಎಂದುಕೊಂಡರೋ ಏನೋ, ಇನ್ನೂ ಜೋರಾಯಿತು. ಮೂರು ಭಾನುವಾರ ಸಹಿಸಿ, ನಾಲ್ಕನೆಯದಕ್ಕೆ ಕಟ್ಟಡದ ಮಾಲೀಕರಿಗೆ ಎರಡು ಪುಟದ ಅರ್ಜಿ ಬರೆದೆ. "ಮಾನವ ಸಹನೆಯ ಮೇರೆ ಮೀರಿ" ಎಂಬ ಮಾತು ಅದರಲ್ಲಿ ಎರಡು ಸಲ ಬರುತ್ತದೆ. ಬರೆದು ಮುಗಿಸಿ ನನ್ನವಳಿಗೆ ಓದಿ ಹೇಳಿದೆ. ಅವಳು, "ಚೆನ್ನಾಗಿದೆ. ಆ ಹೆಂಗಸಿನ ಹಾಡೂ ಚೆನ್ನಾಗಿದೆ" ಎಂದಳು. ನಾನು ಮೊದಲ ವಾಕ್ಯವನ್ನಷ್ಟೇ ಕೇಳಿಸಿಕೊಂಡೆ.

ಒಂದು ವಾರಕ್ಕೆ ಡ್ರಮ್ ಸೆಟ್ಟು ಮೆಟ್ಟಿಲಿಳಿಯಿತು. ದೊಡ್ಡ ಡ್ರಮ್ಮನ್ನು ಮೇಸ್ತ್ರಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವುಚಿಕೊಂಡು ಇಳಿಯುತ್ತಿದ್ದರು. ನಾನು ವಿಜಯಿ ರಾಜನಂತೆ ಬಾಗಿಲಲ್ಲಿ ನಿಂತಿದ್ದೆ.

"ಸ್ವಲ್ಪ ದಾರಿ ಬಿಡಿ ಸಾರ್," ಎಂದರು. ಅಷ್ಟೇ. ಕೋಪವೂ ಇಲ್ಲ, ವ್ಯಂಗ್ಯವೂ ಇಲ್ಲ. ನನಗೆ ನಿರಾಸೆಯಾಯಿತು.

ಅಲ್ಲಿಂದ ಏಳು ವರ್ಷ ಅವರು ಕಂಡಕಂಡದ್ದನ್ನೆಲ್ಲ ತಟ್ಟಿದರು. ಆ ದಂತಕಥೆಗಳೆಲ್ಲ ಈ ಏಳು ವರ್ಷದವು. ಅಕ್ಕ ಹಾಡುವುದನ್ನು ಬಿಟ್ಟರು. ಯಾರಾದರೂ ಕೇಳಿದರೆ, "ಡ್ರಮ್ ಇಲ್ದೆ ಹಾಡೋದು ಅಂದ್ರೆ ಕಂಬಿ ಇಲ್ದಿರೋ ಮೆಟ್ಟಿಲು ಇಳಿದ ಹಾಗೆ ಕಣ್ರೀ, ಎಲ್ಲಿ ಬೀಳ್ತೀನೋ ಅಂತ ಭಯ" ಎನ್ನುತ್ತಿದ್ದರು. ನಾನು ಮೇಸ್ತ್ರಿಯ ಸ್ನೇಹಿತನಾದೆ. ನಮ್ಮ ಬಚ್ಚಲಿಗೆ ಅವರೇ ಟೈಲ್ಸ್ ಹಾಕಿಕೊಟ್ಟರು. ಅರ್ಜಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಅಕ್ಕನ ಗಂಟಲಿನ ವಿಷಯವನ್ನು ಮೊದಲು ಕಂಡುಹಿಡಿದದ್ದೂ ಮೇಸ್ತ್ರಿಯೇ. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ನೀರು ಕೇಳಿದರಂತೆ. ಮೇಸ್ತ್ರಿ ತುತ್ತನ್ನು ಕೈಯಲ್ಲೇ ಹಿಡಿದು, "ಅಕ್ಕಾ, ಇನ್ನೊಂದ್ಸಲ ಕೇಳು" ಎಂದರಂತೆ.

"ಏನನ್ನ?"

"ನೀರು ಕೇಳು."

"ನಿನಗೇನು ತಲೆ ಕೆಟ್ಟಿದ್ಯಾ? ನೀರು ಕೊಡೋ."

"ನಿನ್ನ ದನೀಲಿ ಎಲ್ಲೋ ಪೊಳ್ಳಿದೆ."

ಎಲ್ಲರೂ ನಕ್ಕರು. ನಾನೂ ಈ ಕಥೆಯನ್ನು ಬೀದಿಯಲ್ಲಿ ಹೇಳಿ ನಗಿಸಿದೆ. ನಾಲ್ಕು ತಿಂಗಳ ನಂತರ ಆಸ್ಪತ್ರೆಯವರು ಅದೇ ಮಾತನ್ನು ಉದ್ದದ ಹೆಸರಿನಲ್ಲಿ ಬರೆದುಕೊಟ್ಟರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಮೂರು ವಾರ ಬಿಟ್ಟು ಒಂದು ಸೋಮವಾರ ದಾಖಲಾಗಬೇಕು.

ಅಕ್ಕ ಅಳಲಿಲ್ಲವಂತೆ. ಮನೆಗೆ ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಅರ್ಧ ಹೊಲಿದಿದ್ದ ಅಂಗಿಯ ತೋಳು ಮುಗಿಸಿ, ದಾರ ಕಡಿದು ಹೇಳಿದರಂತೆ: "ಒಂದು ಹಾಡು ಹಾಡಿ ಇಟ್ಕೊಳ್ಳೋಣ ಕಣೋ. ನೀನು ಬಾರಿಸ್ಬೇಕು. ಆಮೇಲೆ ಏನು ಬೇಕಾದ್ರೂ ಕುಯ್ಕೊಳ್ಳಲಿ."

ಸ್ಟುಡಿಯೋಗೆ ಹೋಗಬಹುದಿತ್ತು. ಆದರೆ ಅಕ್ಕನ ಗಂಟಲು ಆಗ ಯಾರ ಹಿಡಿತದಲ್ಲೂ ಇರಲಿಲ್ಲ. ದಿನಕ್ಕೆ ಹತ್ತು ನಿಮಿಷ ದನಿ ಒದಗುತ್ತಿತ್ತು, ಅದೂ ಯಾವಾಗ ಎಂದು ಹೇಳುವಂತಿರಲಿಲ್ಲ. ಒಮ್ಮೆ ಬೆಳಗ್ಗೆ ಹನ್ನೊಂದಕ್ಕೆ, ಒಮ್ಮೆ ಸಂಜೆ ನಾಲ್ಕಕ್ಕೆ. ಸ್ಟುಡಿಯೋದವರು ಗಂಟೆ ಗೊತ್ತುಮಾಡಿ ಬನ್ನಿ ಎನ್ನುತ್ತಾರೆ. ಹಾಗಾಗಿ ಮನೆಯಲ್ಲೇ ಆಗಬೇಕು, ಡ್ರಮ್ಮು ಸಿದ್ಧವಾಗಿ ನಿಂತಿರಬೇಕು, ದನಿ ಬಂದ ಕ್ಷಣ ಶುರುಮಾಡಬೇಕು. ಮತ್ತು ಆ ಮನೆ ನನ್ನ ತಲೆಯ ಮೇಲಿತ್ತು.

ಮೇಸ್ತ್ರಿ ಕೆಳಗಿಳಿದು ಬಂದು ನಮ್ಮ ಊಟದ ಮೇಜನ್ನು ತಟ್ಟುತ್ತ ಇದನ್ನೆಲ್ಲ ಹೇಳಿದರು. ಕೇಳಲು ಬಂದದ್ದು ಅನುಮತಿ. ಅದನ್ನು ಮಾತ್ರ ಬಾಯಿಬಿಟ್ಟು ಕೇಳಲಿಲ್ಲ.

ಆ ಕ್ಷಣದಲ್ಲಿ ನಾನು, "ಅಯ್ಯೋ, ಅದಕ್ಕೇನಂತೆ, ಸೂರು ಬೀಳೋ ಹಾಗೆ ಬಾರಿಸಿ ಮೇಸ್ತ್ರೀ" ಎನ್ನಬಹುದಿತ್ತು. ಒಂದು ಸಾಲಿನ ಅರ್ಜಿ ಕೂಡ ಬೇಡದ ಕೆಲಸ. ಆದರೆ ನಾನು ಬುದ್ಧಿವಂತ. ಬುದ್ಧಿವಂತನಿಗೆ ಉಪಾಯ ಹೊಳೆಯುತ್ತದೆ.

"ಎಲೆಕ್ಟ್ರಾನಿಕ್ ಡ್ರಮ್ ಅಂತ ಬರುತ್ತೆ ಮೇಸ್ತ್ರೀ," ಎಂದೆ. "ಹೆಡ್‌ಫೋನ್ ಹಾಕ್ಕೊಂಡು ಬಾರಿಸೋದು. ನಿಮ್ಮ ಕಿವೀಲಿ ಗುಡುಗು, ಹೊರಗಡೆ ಪಿಸುಮಾತು. ಯಾರಿಗೂ ತೊಂದ್ರೆ ಇಲ್ಲ."

ಯಾರಿಗೂ ಎಂದರೆ ಯಾರಿಗೆ ಎಂದು ಅವರು ಕೇಳಲಿಲ್ಲ. ನನ್ನವಳು ಒಳಗಿಂದ ಒಮ್ಮೆ ನನ್ನನ್ನು ನೋಡಿ ಹೋದಳು.

ಮುಂದಿನ ಎಂಟು ದಿನ ನಾವಿಬ್ಬರೂ ಡ್ರಮ್ ಬೇಟೆ ಆಡಿದೆವು. ನಾಲ್ಕು ಅಂಗಡಿ ಸುತ್ತಿದೆವು. ಎಲೆಕ್ಟ್ರಾನಿಕ್ ಡ್ರಮ್ಮು ನೋಡುವುದಕ್ಕೆ ಡ್ರಮ್ಮಿನ ಅಸ್ಥಿಪಂಜರದ ಹಾಗಿರುತ್ತದೆ. ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ತಟ್ಟೆಯಂಥ ಪ್ಯಾಡುಗಳು, ಪಕ್ಕದಲ್ಲಿ ಗುಂಡಿಗಳಿರುವ ಒಂದು ಪೆಟ್ಟಿಗೆ. ಪ್ಯಾಡಿಗೆ ಹೊಡೆದರೆ ಸದ್ದು ಪೆಟ್ಟಿಗೆಯಲ್ಲಿ ಹುಟ್ಟಿ ಹೆಡ್‌ಫೋನಿನಲ್ಲಿ ಬರುತ್ತದೆ. ಮೊದಲ ಸಲ ಮೇಸ್ತ್ರಿ ಅದರ ಪ್ಯಾಡನ್ನು ಬೆರಳಿಂದ ತಟ್ಟಿ ಮುಖ ಸಿಂಡರಿಸಿದರು. "ಇದು ಗಟ್ಟಿನೂ ಅಲ್ಲ, ಪೊಳ್ಳೂ ಅಲ್ಲ ಸಾರ್. ಇದು ಏನೂ ಅಲ್ಲ."

ಹೆಡ್‌ಫೋನ್ ಹಾಕಿಕೊಂಡ ಮೇಲೆ ಮಾತು ಬದಲಾಯಿತು. ಕೋಲು ಹಿಡಿಯದೆ ಏಳು ವರ್ಷವಾಗಿತ್ತಲ್ಲ. ಅಂಗಡಿಯ ಮಧ್ಯೆ ಕೂತು ಕಣ್ಣು ಮುಚ್ಚಿ ಹತ್ತು ನಿಮಿಷ ಬಾರಿಸಿದರು. ಕೇಳುತ್ತಿದ್ದುದು ಅವರಿಗೆ ಮಾತ್ರ. ನಮಗೆಲ್ಲ ಕಂಡದ್ದು ಗಾಳಿಯೊಂದಿಗೆ ಗುದ್ದಾಡುತ್ತಿರುವ ಐವತ್ತೆರಡು ವರ್ಷದ ಮನುಷ್ಯ. ಕಣ್ಣು ಬಿಟ್ಟಾಗ ಒದ್ದೆಯಾಗಿದ್ದವು. "ಧೂಳು," ಎಂದರು.

ಆಯ್ಕೆ ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಸದ್ದು ಚೆನ್ನಾಗಿರುವುದನ್ನು ಕೊಂಡು ಮನೆಗೆ ಹೋಗುತ್ತಿದ್ದರು. ಮೇಸ್ತ್ರಿಗೆ ಬೇಕಾದ್ದು ಒಳಗಿನ ಸದ್ದಲ್ಲ, ಹೊರಗಿನ ಮೌನ. ನನಗೆ ತೊಂದರೆಯಾಗಬಾರದು. ಹಾಗಾಗಿ ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೋಲು ಕೊಟ್ಟು, ತಾವು ಅಂಗಡಿಯ ನೆಲದ ಮೇಲೆ ಬೋರಲು ಮಲಗಿದರು. ಎಡಗಿವಿ ಟೈಲ್ಸಿಗೆ, ಬಲಗಿವಿಯ ಮೇಲೆ ಅಂಗೈ.

"ಹೊಡೀರಿ ಸಾರ್. ಕಾಲಲ್ಲಿ ಪೆಡಲ್ ತುಳೀರಿ."

ನಾನು ತುಳಿದೆ. ಗಿರಾಕಿಗಳು ಸುತ್ತ ನಿಂತರು. ಒಬ್ಬಾಕೆ ನೀರು ತರಲು ಓಡಿದಳು.

"ಕೈ ಸದ್ದು ಗಾಳೀಲಿ ಹೋಗುತ್ತೆ, ಅದು ದೊಡ್ಡದಲ್ಲ," ಎಂದು ನೆಲದಿಂದ ಮೇಸ್ತ್ರಿ ಉಪದೇಶಿಸಿದರು. "ಕಾಲಿನ ಗುದ್ದು ನೆಲದೊಳಗೆ ಇಳಿಯುತ್ತೆ. ಕೆಳಗಿನ ಮನೆಯವರಿಗೆ ಹೋಗೋದು ಅದೇ. ಇನ್ನೊಂದ್ಸಲ ತುಳೀರಿ."

ಅಂಗಡಿಯ ಮಾಲೀಕ ಕನ್ನಡಕವನ್ನು ಹಣೆಗೇರಿಸಿಕೊಂಡ ದೊಡ್ಡ ಹೊಟ್ಟೆಯ ಮನುಷ್ಯ. ನಲವತ್ತು ವರ್ಷದ ವ್ಯಾಪಾರದಲ್ಲಿ ನೆಲಕ್ಕೆ ಕಿವಿಗೊಟ್ಟು ಡ್ರಮ್ ಕೊಂಡವರನ್ನು ಆತ ನೋಡಿರಲಿಲ್ಲ. ಆದರೂ ವ್ಯಾಪಾರಿ ವ್ಯಾಪಾರಿಯೇ. ಮಲಗಿದ ಗಿರಾಕಿಗೂ ಬಗ್ಗಿ ಬಗ್ಗಿ ಎಲ್ಲವನ್ನೂ ವಿವರಿಸಿದ. ಚರ್ಮದ ಬದಲು ಬಲೆ ಬಿಗಿದ ಪ್ಯಾಡು ಮೆತ್ತಗೆ, ರಬ್ಬರಿನದು ಸ್ವಲ್ಪ ಟಪ್ ಎನ್ನುತ್ತದೆ. ಸಿಂಬಲ್ ಎನ್ನುವ ತಾಳದ ತಟ್ಟೆ ಮಾತ್ರ ಎಲ್ಲದರಲ್ಲೂ ರಬ್ಬರಿನದೇ. ರೆಕಾರ್ಡ್ ಮಾಡುವುದಾದರೆ ಈ ವೈರನ್ನು ಪೆಟ್ಟಿಗೆಯಿಂದ ಎಳೆದು ರೆಕಾರ್ಡರಿಗೆ ಸಿಕ್ಕಿಸಬೇಕು. ವೈರಿನ ಪೊಟ್ಟಣವನ್ನು ಎತ್ತಿ ತೋರಿಸಿದ ಕೂಡ.

ಮೇಸ್ತ್ರಿಯ ಬಲಗಿವಿಯ ಮೇಲೆ ಅಂಗೈಯಿತ್ತು. ಎಡಗಿವಿ ಕಾಲಿನ ಗುದ್ದನ್ನು ಕೇಳುತ್ತಿತ್ತು. ನನ್ನ ಎರಡೂ ಕಿವಿ ತೆರೆದಿದ್ದವು. ಆದರೆ ನಾನು ಆಗ ಸಿಂಬಲ್ ಹೊಡೆಯುವುದರಲ್ಲಿ ಮಗ್ನನಾಗಿದ್ದೆ. ಸತ್ಯ ಹೇಳುತ್ತೇನೆ, ಬಹಳ ಮಜವಾಗಿತ್ತು.

ಬಲೆ ಬಿಗಿದ ಪ್ಯಾಡಿನ ಸೆಟ್ಟು ಮನೆಗೆ ಬಂತು. ದುಡ್ಡಿಗೆಂದು ಮೇಸ್ತ್ರಿಯ ಹೆಂಡತಿ ಕೈಬಳೆ ಕೊಟ್ಟಳೆಂದು ಬೀದಿಯಲ್ಲಿ ಸುದ್ದಿ. ನಾನು ಕೇಳಲು ಹೋಗಲಿಲ್ಲ. ಜೋಡಿಸಿ ನೋಡಿದರೆ ಕಾಲಿನ ಗುದ್ದು ಇನ್ನೂ ಸ್ವಲ್ಪ ಕೆಳಗೆ ಬರುತ್ತಿತ್ತು. ಟೈಲ್ಸ್ ಕೆಲಸದವರು ಮಂಡಿಗೆ ಕಟ್ಟಿಕೊಳ್ಳುವ ರಬ್ಬರ್ ಮೆತ್ತೆಗಳಿರುತ್ತವೆ. ಮೂವತ್ತು ವರ್ಷ ಸವೆಸಿದ ಹಳೆಯ ಮೆತ್ತೆಗಳನ್ನು ಮೇಸ್ತ್ರಿ ಬಿಸಾಡಿರಲಿಲ್ಲ. ಒಂದು ಗೋಣಿಚೀಲ ತುಂಬ ಇದ್ದವು. ಅವನ್ನು ಹಲಗೆಯ ಅಡಿಗೆ ಸಾಲಾಗಿ ಇಟ್ಟು, ಹಲಗೆಯ ಮೇಲೆ ಡ್ರಮ್ ನಿಲ್ಲಿಸಿದರು. ತನ್ನ ಮೂವತ್ತು ವರ್ಷದ ಮಂಡಿಗಳ ಮೇಲೆ ಸಂಗೀತವನ್ನು ಹೊತ್ತ ವೀರ ಇನ್ನೊಬ್ಬನಿಲ್ಲ ಎಂದು ನಾನು ಬೀದಿಯಲ್ಲಿ ಪ್ರಚಾರ ಮಾಡಿದೆ. ಸ್ಟೂಲಿನ ಒಂದು ಕಾಲು ಕುಂಟುತ್ತಿತ್ತು. ಅದರ ಅಡಿಗೆ ಸರಿಯಾದ ದಪ್ಪದ ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು, ಡ್ರಮ್ಮಿನ ಡಬ್ಬಿಯಲ್ಲೇ ಬಂದದ್ದು, ಒಳಗೇನೋ ವೈರು ಸುತ್ತಿಟ್ಟಿದ್ದರು. ಅದನ್ನು ಮಡಚಿ ತುರುಕಿದವನು ನಾನೇ.

ಪರೀಕ್ಷೆಗೆ ನಾನು ನನ್ನ ಮಂಚದ ಮೇಲೆ ಮಲಗಿದೆ. ಮೇಲೆ ಮೇಸ್ತ್ರಿ ಅರ್ಧ ಗಂಟೆ ಬಾರಿಸಿದರು. ಆಮೇಲೆ ಕೆಳಗಿಳಿದು ಬಂದರು, ಬೆವರು ಇಳಿಯುತ್ತಿತ್ತು.

"ಏನಾದ್ರೂ ಕೇಳಿಸ್ತಾ?"

"ಏನೂ ಇಲ್ಲ."

"ನಿಜವಾಗ್ಲೂ?"

"ಆಣೆ ಇಟ್ಟು ಹೇಳ್ತೀನಿ. ಸೊಳ್ಳೆ ಬಂದಿದ್ರೂ ಕೇಳಿಸ್ತಿತ್ತು."

ಏಳು ವರ್ಷದಲ್ಲಿ ಆ ಮನುಷ್ಯ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಕ್ಕನ ದನಿ ಮಾತ್ರ ಕೈಕೊಟ್ಟಿತು. ಒಂದು ವಾರ ಕಾದರು. ಡ್ರಮ್ಮು ನಿಂತಿತ್ತು, ರೆಕಾರ್ಡರು ನಿಂತಿತ್ತು, ಅಕ್ಕ ಬಾಯಿ ತೆರೆದರೆ ಬರೀ ಗಾಳಿ. ಸೋಮವಾರ ಆಸ್ಪತ್ರೆ. ಅದರ ಹಿಂದಿನ ದಿನ, ಭಾನುವಾರ ಬೆಳಗ್ಗೆ ಹತ್ತೂವರೆಗೆ, ಬಟ್ಟೆಯ ಚೀಲ ತುಂಬಿಸುತ್ತಿದ್ದ ಅಕ್ಕ ತಿರುಗಿ, "ಬಂತು ಕಣೋ, ಬೇಗ" ಎಂದರಂತೆ.

ಮೇಸ್ತ್ರಿ ಓಡಿ ಸ್ಟೂಲಿನಲ್ಲಿ ಕೂತರು. ಆರ್ಕೆಸ್ಟ್ರಾದ ದಿನಗಳಲ್ಲಿ ಡ್ರಮ್ಮಿನ ಮೇಲೆ ಒಂದು ಮೈಕು ತೂಗುಹಾಕುವುದು ರೂಢಿ. ಹಾಗೇ ಇಲ್ಲೂ ಪರದೆಯ ಸರಳಿನಿಂದ ಮೈಕು ಇಳಿಬಿಟ್ಟಿದ್ದರು, ಸರಿಯಾಗಿ ಡ್ರಮ್ಮಿನ ನೆತ್ತಿಗೆ. ಅಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. ಒಂದೇ ಮೈಕಿಗೆ ಇಬ್ಬರೂ, ಹಳೆಯ ಕಾಲದ ಹಾಗೆ. ಮೊದಲು ಮೇಸ್ತ್ರಿ ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡರಂತೆ. ತೆರೆದ ಕಿವಿಗೆ ಬಿದ್ದ ರಬ್ಬರಿನ ಟಪ್ ಟಪ್ ಲಯ ಕೆಡಿಸಿತಂತೆ. ಎರಡನ್ನೂ ಮುಚ್ಚಿಕೊಂಡು, ಸದ್ದು ಏರಿಸಿ, ಅಕ್ಕನ ತುಟಿಯನ್ನೂ ಮಂಡಿಯ ಮೇಲೆ ಹಾಕುತ್ತಿದ್ದ ಅವರ ತಾಳವನ್ನೂ ನೋಡಿಕೊಂಡು ಶುರುಮಾಡಿದರು. ಇಪ್ಪತ್ತೈದು ವರ್ಷ ಜೊತೆಗಿದ್ದವರಿಗೆ ಅಷ್ಟು ಸಾಕು.

ನಾನು ಕೆಳಗೆ ಪತ್ರಿಕೆ ಓದುತ್ತಿದ್ದೆ. ಕಿಟಕಿ ತೆರೆದಿತ್ತು. ಡ್ರಮ್ಮು ಒಂದಿಷ್ಟೂ ಕೇಳಲಿಲ್ಲ. ಹಾಡು ಇಳಿದು ಬಂತು. ಏಳು ವರ್ಷದಿಂದ ಕೇಳಿರದ ದನಿ. ಮೇಲಿನ ಸ್ವರ ಮುಟ್ಟುವಾಗ ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗುತ್ತಿತ್ತು, ಕೆಳಕ್ಕೆ ಬಂದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಕಂಬಿಯಿಲ್ಲದ ಮೆಟ್ಟಿಲನ್ನು ಆಕೆ ಒಂದೊಂದಾಗಿ ಇಳಿಯುತ್ತಿದ್ದರು, ಬೀಳಲಿಲ್ಲ. ಅಡುಗೆಮನೆಯಲ್ಲಿ ನನ್ನವಳು ಮಿಕ್ಸಿ ನಿಲ್ಲಿಸಿ, ಬಾಗಿಲಿಗೆ ಒರಗಿ ನಿಂತಳು. ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿದರು. ಒಂದು ಹಾಡು ಪೂರ್ತಿ, ಇನ್ನೊಂದು ಅರ್ಧ. ಆಮೇಲೆ ಕೆಮ್ಮು.

ರೆಕಾರ್ಡರಿನ ಪರದೆಯ ಮೇಲೆ ಗೆರೆ ಕುಣಿದದ್ದನ್ನು ಮೇಸ್ತ್ರಿ ನೋಡಿದ್ದರು. ಹಾಡು ಒಳಗೆ ಹೋಗಿದೆ ಎಂದು ಖಾತ್ರಿಯಿತ್ತು. ಹಾಕಿ ಕೇಳೋಣವೇ ಎಂದರೆ ಅಕ್ಕ ಬೇಡವೆಂದರಂತೆ. "ಈಗ ಕೇಳಿದ್ರೆ ನಾಳೆ ಆಸ್ಪತ್ರೆಗೆ ಕಾಲು ಏಳಲ್ಲ. ಬಂದ ಮೇಲೆ ಎಲ್ಲರೂ ಕೂತು ಕೇಳೋಣ."

ಅಕ್ಕ ಇಪ್ಪತ್ತೆರಡು ದಿನ ಬಿಟ್ಟು ಬಂದರು. ಕತ್ತಿನ ಬುಡದಲ್ಲಿ ಉಸಿರಿಗೆಂದು ಮಾಡಿದ ರಂಧ್ರ, ಅದರ ಮೇಲೆ ತೆಳುವಾದ ಬಟ್ಟೆ. ಹೌದು ಎಂದರೆ ಮೇಜಿನ ಮೇಲೆ ಒಂದು ತಟ್ಟು, ಇಲ್ಲ ಎಂದರೆ ಎರಡು. ತಮ್ಮನ ಚಟ ಕೊನೆಗೂ ಅಕ್ಕನಿಗೆ ಅಂಟಿತು ಎಂದು ನಾನು ತಮಾಷೆ ಮಾಡಿದೆ. ಅಕ್ಕ ಎರಡು ಸಲ ತಟ್ಟಿದರು.

ಭಾನುವಾರ ನಾವೆಲ್ಲ ಮೇಲೆ ಕೂತೆವು. ಮೇಸ್ತ್ರಿ, ಅವರ ಹೆಂಡತಿ, ಅಕ್ಕ, ನಾವಿಬ್ಬರು. ಮೇಸ್ತ್ರಿ ಗುಂಡಿ ಒತ್ತಿದರು.

ಟಪ್. ಟಪ್. ಟಪ್ ಟಪ್. ಟಪ್ ಟಪ್ ಟಪ್ ಟಪ್.

ಯಾರೋ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕೋಣೆಯ ತುಂಬ ಓಡಾಡುತ್ತಿದ್ದರು. ಚಪ್ಪಲಿ ಮುಂದೆ, ಜೋರಾಗಿ. ಅದರ ಹಿಂದೆ, ಪಕ್ಕದ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಾಡಿದ ಹಾಗೆ ಎಳೆಯಷ್ಟು ತೆಳ್ಳಗಿನ ಒಂದು ದನಿ, ಚಪ್ಪಲಿಯ ಕೆಳಗೆ ಸಿಕ್ಕಿಕೊಳ್ಳುತ್ತ, ಬಿಡಿಸಿಕೊಳ್ಳುತ್ತ. ಡ್ರಮ್ಮು ಎಲ್ಲಿಯೂ ಇರಲಿಲ್ಲ.

"ಇದೇನ್ರೀ, ಬೇರೆ ಏನೋ ಹಾಕಿದ್ರಾ?" ಎಂದಳು ಮೇಸ್ತ್ರಿಯ ಹೆಂಡತಿ.

ಸಾವಿರದ ಇನ್ನೂರರಲ್ಲಿ ಒಂದು ಪೊಳ್ಳನ್ನು ಚಪ್ಪಲಿಯಲ್ಲೇ ಕಂಡುಹಿಡಿದ ಮನುಷ್ಯ, ತಾನು ಮಾಡಿದ್ದೇನೆಂದು ಮೂರನೇ ಟಪ್ಪಿಗೇ ತಿಳಿದುಕೊಂಡಿರಬೇಕು. ಡ್ರಮ್ಮಿನ ಸದ್ದು ಹುಟ್ಟಿದ್ದು ಪೆಟ್ಟಿಗೆಯಲ್ಲಿ, ಹೋದದ್ದು ಅವರ ಕಿವಿಗೆ. ಮೈಕಿಗೆ ಸಿಕ್ಕಿದ್ದು ರಬ್ಬರಿಗೆ ಕೋಲು ಬಡಿದದ್ದು ಮಾತ್ರ. ನನ್ನ ಕಣ್ಣು ತಾನಾಗಿ ಸ್ಟೂಲಿನ ಕಾಲಿಗೆ ಹೋಯಿತು. ವೈರಿನ ಪೊಟ್ಟಣ ಮಡಚಿದಲ್ಲೇ ಇತ್ತು.

ಅಕ್ಕನ ಭುಜ ಅಲುಗುತ್ತಿತ್ತು. ಕತ್ತಿನ ಬಟ್ಟೆ ಎದ್ದು ಎದ್ದು ಬೀಳುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಸದ್ದಿದ್ದರೆ ತಾನೆ ಗೊತ್ತಾಗುವುದು. ಆಮೇಲೆ ಎದ್ದು ತಮ್ಮನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಹಿಂದಿನ ಕೋಣೆಗೆ ಹೋದರು. ಮೆಷಿನ್ನಿನ ಸದ್ದು ಶುರುವಾಯಿತು.

ನಾನು ಸುಮ್ಮನಿರಲಿಲ್ಲ. ಆರ್ಕೆಸ್ಟ್ರಾದ ಹಳೆಯ ಸೌಂಡಿನವನನ್ನು ಹುಡುಕಿ ಕರೆತಂದೆ. ಚಪ್ಪಲಿಯನ್ನು ತೆಗೆದು ಹಾಡನ್ನು ಉಳಿಸು, ಬೇಕಾದರೆ ಮೇಸ್ತ್ರಿ ಡ್ರಮ್ಮನ್ನು ಮತ್ತೆ ಬಾರಿಸಿ ಸೇರಿಸುತ್ತಾರೆ ಎಂದೆ. ಅವನು ಎರಡು ದಿನ ಕಂಪ್ಯೂಟರಿನ ಮುಂದೆ ಕೂತ. "ಎರಡೂ ಅಂಟಿಕೊಂಡಿವೆ ಸಾರ್," ಎಂದ. "ಚಪ್ಪಲಿ ಅಳಿಸಿದ್ರೆ ಅಕ್ಕನೂ ಅಳಿಸಿಹೋಗ್ತಾರೆ."

ಆ ತಿಂಗಳು ನಾನು ಇನ್ನೊಂದು ವಿಷಯ ಗಮನಿಸಿದೆ. ಮೇಸ್ತ್ರಿ ನಮ್ಮ ಮನೆಗೆ ಬಂದು ಕೂತಾಗ ಮೇಜು ಸುಮ್ಮನಿರುತ್ತಿತ್ತು. ಬಸ್ಸಿನ ಕಿಟಕಿ ಸುಮ್ಮನಿರುತ್ತಿತ್ತು. ಕೆಲಸದ ಜಾಗದಲ್ಲೂ ಅವರು ತಟ್ಟುವುದನ್ನು ಬಿಟ್ಟರೆಂದು ಅಲ್ಲಿನ ಎಂಜಿನಿಯರೊಬ್ಬ ಹೇಳಿದ. ರಬ್ಬರ್ ಸುತ್ತಿಗೆಯನ್ನು ಬೇರೆಯವರ ಕೈಗೆ ಕೊಟ್ಟು, "ನೀನೇ ಕೇಳಿ ಹೇಳಪ್ಪ" ಎನ್ನುತ್ತಾರಂತೆ. ದಂತಕಥೆ ಹೀಗೆ ಮುಗಿಯುವುದು ನನಗೆ ಸಹ್ಯವಾಗಲಿಲ್ಲ. ನಾನು ಕಟ್ಟಿದ ಮಹಲು ಅದು. ಬೆಕ್ಕು ಮರಿ ಹಾಕಿಸಿದವನು ನಾನು.

ಅದಕ್ಕೇ ಒಂದು ಸಂಜೆ ಮೇಲೆ ಹೋದೆ. ಮುಂದಿನ ಕೋಣೆಯಲ್ಲಿ ಡ್ರಮ್ಮು ಮಂಡಿ ಮೆತ್ತೆಗಳ ಮೇಲೆ ಹಾಗೇ ನಿಂತಿತ್ತು, ಮೇಲೊಂದು ಚಾದರ ಹೊದಿಸಿದ್ದರು. ಮೇಸ್ತ್ರಿ ಪಕ್ಕದಲ್ಲಿ ಕೂತು ಉಗುರಿನ ಸಿಮೆಂಟು ಕೆರೆಯುತ್ತಿದ್ದರು. ಮೊದಲು ಏಳು ವರ್ಷದ ಹಿಂದಿನ ಅರ್ಜಿಯ ವಿಷಯ ಹೇಳಿದೆ. "ಗೊತ್ತು ಸಾರ್. ಮಾಲೀಕರು ಓದಿ ಹೇಳಿದ್ರು. ಚೆನ್ನಾಗಿ ಬರ್ದಿದ್ರಿ," ಎಂದರು. ಆಮೇಲೆ ಆ ಭಾನುವಾರ ಕಿಟಕಿಯಿಂದ ನಾನು ಕೇಳಿದ ಹಾಡನ್ನು, ಎಲ್ಲಿ ಹರಿಯಿತು, ಎಲ್ಲಿ ಕೂಡಿಕೊಂಡಿತು ಎಂದು ನನಗೆ ತಿಳಿದಂತೆ ವಿವರಿಸಿದೆ. ಅವರು ತಲೆ ಎತ್ತದೆ ಪೂರ್ತಿ ಕೇಳಿದರು. ಹಾಗೆ ಹೇಳುತ್ತ ಹೇಳುತ್ತ ನನಗೆ ಹೊಳೆದದ್ದು, ನಾನು ಈ ಮನುಷ್ಯನಿಗೆ ಅವರ ಅಕ್ಕನ ಆ ಕೊನೆಯ ಹಾಡನ್ನು ಮೊದಲ ಸಲ ಕೇಳಿಸುತ್ತಿದ್ದೇನೆ ಎಂದು.

ನನಗೆ ಅದನ್ನು ಅಲ್ಲಿಗೆ ಬಿಡಲಾಗಲಿಲ್ಲ. "ಆದ್ರೂ ಮೇಸ್ತ್ರೀ," ಎಂದೆ, "ಲಯ ಒಂದು ಕಡೆನೂ ತಪ್ಪಿಲ್ಲ. ಸೌಂಡಿನವನೇ ಹೇಳ್ದ. ಕಿವಿ ಮುಚ್ಚಿದ್ರೇನು, ಇಪ್ಪತ್ತೈದು ವರ್ಷದ ಜೊತೆ ಅದು. ಒಳಗೆ ಎಲ್ಲೋ ಅಕ್ಕನ ದನಿ ನಿಮಗೆ ಕೇಳಿಸ್ತಾನೇ ಇದ್ದಿರಬೇಕು. ಅಲ್ವಾ? ಏನು ಕೇಳಿಸ್ತು ಆವತ್ತು?"

ಮೇಸ್ತ್ರಿ ಉಗುರನ್ನು ಊದಿ, ನೋಡಿ, ಹೇಳಿದರು:

"ಡ್ರಮ್ ಕೇಳಿಸ್ತು ಸಾರ್. ಅದಕ್ಕೇ ಅಲ್ವಾ ತಂದಿದ್ದು."